ಜೀಪಿನ ನೆಲಕ್ಕೆ ಐದನೆಯ ತೇಪೆ

ನಮ್ಮ ಮನೆಯ ಚಪ್ಪಲಿ ಗೂಡಿನಲ್ಲಿ ಒಂದು ಒಂಟಿ ಚಪ್ಪಲಿ ಇದೆ. ಎಡಗಾಲಿನದು. ಕಂದು ಬಣ್ಣದ್ದು, ಇನ್ನೂ ಹೊಸದೇ, ಅಂಗಡಿಯವನು ಅಂಟಿಸಿದ ಚೀಟಿ ಕೂಡ ಪೂರ್ತಿ ಹೋಗಿಲ್ಲ. ಇದರ ಜೋಡಿ ಎಲ್ಲಿ ಎಂದು ಕೇಳಿದವರಿಗೆಲ್ಲ ನಾನು ನಿಜವನ್ನೇ ಹೇಳುತ್ತೇನೆ. ಓಡುತ್ತಿದ್ದ ಜೀಪಿನಿಂದ ನಂಜನಗೂಡಿನ ರಸ್ತೆಗೆ ಬಿದ್ದುಹೋಯಿತು. ಬಾಗಿಲಿನಿಂದಲ್ಲ, ನೆಲದಿಂದ. ಕೇಳಿದವರು ನಗುತ್ತಾರೆ, ಅವರ ಜೊತೆ ನಾನೂ ನಗುತ್ತೇನೆ. ಆದರೆ ಒಬ್ಬಳೇ ಇದ್ದಾಗ ಆ ಚಪ್ಪಲಿ ಕಣ್ಣಿಗೆ ಬಿದ್ದರೆ ಈಗಲೂ ನನ್ನ ಬಲಗಾಲಿನ ಹಿಮ್ಮಡಿ ತಣ್ಣಗಾಗುತ್ತದೆ.

ಕಳೆದ ಆಷಾಢದ ಒಂದು ಬೆಳಿಗ್ಗೆ. ಸೋಸಲೆಯ ನಮ್ಮ ಮನೆಯಿಂದ ಹೊರಟು, ತಿ. ನರಸೀಪುರ ದಾಟಿ, ನಂಜನಗೂಡಿನ ಕಡೆಗಿರುವ ನನ್ನ ಶಾಲೆಗೆ ಹೋಗುತ್ತಿದ್ದೆ. ಹತ್ತನೆಯ ತರಗತಿಗೆ ರಸಾಯನಶಾಸ್ತ್ರದ ಪಾಠ ಇತ್ತು. ಯಾವುದೋ ಊರಿನ ಮುಂದಿನ ಹಂಪನ್ನು ಹತ್ತಿಸಿ ಇಳಿಸಿದೆ ನೋಡಿ, ಕಾಲಡಿಯ ರಬ್ಬರ್ ಮ್ಯಾಟು ಕುಸಿಯಿತು. ಚರ್ ಎಂದು ಏನೋ ಹರಿದ ಸದ್ದಾಯಿತು. ಬಲಗಾಲು ಹಿಮ್ಮಡಿಯ ಕಡೆಯಿಂದ ಸೀದಾ ಕೆಳಕ್ಕೆ ಇಳಿದು, ಪಾದದ ಕೆಳಗೆ ರಸ್ತೆ ಓಡತೊಡಗಿತು. ಬ್ರೇಕ್ ಒತ್ತೋಣವೆಂದರೆ ಒತ್ತಬೇಕಾದ ಕಾಲೇ ರಸ್ತೆಯ ಮೇಲಿದೆ! ಯಾವ ದೇವರು ಬುದ್ಧಿ ಕೊಟ್ಟನೋ, ಎಡಗಾಲನ್ನು ಅಡ್ಡ ಹಾಕಿ ಬ್ರೇಕ್ ತುಳಿದೆ. ಜೀಪು ಒಮ್ಮೆ ಗಕ್ಕೆಂದು ಕುಲುಕಿ ಆಫ್ ಆಯಿತು.

ಮೆಲ್ಲಗೆ ಕಾಲನ್ನು ಮೇಲಕ್ಕೆಳೆದುಕೊಂಡು ಬಗ್ಗಿ ನೋಡಿದರೆ ಒಬ್ಬಟ್ಟಿನಷ್ಟಗಲದ ತೂತು. ತೂತಿನೊಳಗೆ ಡಾಂಬರು ರಸ್ತೆ, ಅದರ ಮೇಲೆ ಯಾರೋ ಉಗಿದ ಎಲೆಯಡಿಕೆಯ ಕೆಂಪು. ಹಿಮ್ಮಡಿ ತರಚಿ ರಕ್ತ ಬರುತ್ತಿತ್ತು. ನನಗೆ ನೋವಾಗಲಿಲ್ಲ, ಅವಮಾನವಾಯಿತು. ಏಕೆಂದರೆ ಆ ಜಾಗಕ್ಕೆ ನಾಲ್ಕು ಸಲ ತೇಪೆ ಹಾಕಿದ್ದವಳು ನಾನೇ.

ಗಾಡಿ ರಿಪೇರಿಗೆ ಹೆಂಗಸು ಏಕೆ ಕೈ ಹಾಕಬೇಕು, ಊರಿನಲ್ಲಿ ಮೆಕ್ಯಾನಿಕ್ ಇಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮಪ್ಪನೇ ಕಾರಣ. ಅಪ್ಪ ಕಳಲೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಯಾವುದೋ ಇಲಾಖೆಯವರು ಹರಾಜು ಹಾಕಿದ ಜೀಪನ್ನು ಹಿಡಿದುಕೊಂಡು ಬಂದು ಹೊಂಗೆ ಮರದ ಕೆಳಗೆ ಕಟ್ಟಿದರು. ಕಟ್ಟಿದರು ಎಂದೇ ಹೇಳಬೇಕು, ಏಕೆಂದರೆ ಅವರ ಪಾಲಿಗೆ ಅದು ಇನ್ನೊಂದು ದನ. ಭಾನುವಾರ ಬಂತೆಂದರೆ ಗೋಣಿತಾಟು ಹಾಸಿ ಅದರ ಹೊಟ್ಟೆಯ ಕೆಳಗೆ ಮಲಗುವರು. ತುಕ್ಕು ಹಿಡಿದ ಸಂದಿಗಳಿಗೆ ಎಮ್ಮೆಗೆ ಚುಚ್ಚುವ ದಪ್ಪ ಸಿರಿಂಜಿನಲ್ಲಿ ಹರಳೆಣ್ಣೆ ಏರಿಸುವರು. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ, ಕಿವಿಯಿಟ್ಟು ಕೇಳಿ, "ಇಲ್ಲಿ ಪೊಳ್ಳಾಗದೆ" ಎನ್ನುವರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದ ನನಗೆ ಅವರು ಹೇಳುತ್ತಿದ್ದ ಮಾತು ಇವತ್ತಿಗೂ ಬಾಯಿಪಾಠ.

"ತುಕ್ಕು ಅಂದ್ರೆ ಹುಣ್ಣಿದ್ದಂಗೆ ಕಣವ್ವ. ಮೇಲೆ ಬಣ್ಣ ಬಳಿದ್ರೆ ಒಳಗೊಳಗೇ ಕೊಳೀತದೆ. ಮೊದಲು ಕೆರೀಬೇಕು, ಆಮೇಲೆ ಕಾರಣ ಹುಡುಕ್ಬೇಕು, ಆಮೇಲೆ ಮುಲಾಮು."

ಬಾಯಿಪಾಠ ಎಂದೆನಲ್ಲ, ನಮ್ಮ ಮಕ್ಕಳು ಪರೀಕ್ಷೆಗೆ ಮಾಡುವಂಥ ಬಾಯಿಪಾಠವೇ ಅದು. ಕೆರೆಯುವುದನ್ನು ಕಲಿತೆ, ಮುಲಾಮು ಹಚ್ಚುವುದನ್ನು ಕಲಿತೆ. ನಡುವಿನದನ್ನು ಮರೆತೇಬಿಟ್ಟೆ.

ಅಪ್ಪ ಹೋದ ಮೇಲೆ ಅಣ್ಣ ಜೀಪನ್ನು ಗುಜರಿಗೆ ಹಾಕಲು ಹೊರಟಿದ್ದ. ನನಗೆ ತಡೆಯಲಾಗಲಿಲ್ಲ. ಕಳಲೆಗೆ ಹೋಗಿ, ಕೀಲಿಕೈ ಇಸಿದುಕೊಂಡು, ನಾನೇ ಓಡಿಸಿಕೊಂಡು ಸೋಸಲೆಗೆ ಬಂದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಹೆಂಗಸೊಬ್ಬಳು ಮೊಪೆಡ್ ಓಡಿಸಿದ್ದೇ ಹೆಚ್ಚು. ಜಗಲಿ ಜಗಲಿಯ ಮೇಲೂ ಜನ ಎದ್ದು ನಿಂತರು. ನಲ್ಲಿಯ ಕೆಳಗಿದ್ದ ಬಿಂದಿಗೆಗಳು ತುಂಬಿ ಹರಿದವು. ನಮ್ಮತ್ತೆ ಬಾಗಿಲಿಗೆ ಬಂದು ಜೀಪನ್ನು ನೋಡಿದರು, ನನ್ನನ್ನು ನೋಡಿದರು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಗಂಡಸ್ರು ಓಡ್ಸೋ ಗಾಡಿ ನಿಂಗ್ಯಾಕವ್ವ? ಊರಿಗೂರೇ ನೋಡ್ತಾ ನಿಂತದೆ" ಎಂದು ಒಳಗೆ ಹೋದರು.

ಆ ಎರಡು ಮಾತಿನಲ್ಲಿ ಮೊದಲನೆಯದು ಮಾತ್ರ ನನ್ನ ಕಿವಿಗೆ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು. ಸೊಸೆಯರ ಕಿವಿ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ.

ಅಂದಿನಿಂದ ಅತ್ತೆ ಆ ಜೀಪಿಗೆ ಒಂದು ದಿನವೂ ಕಾಲಿಡಲಿಲ್ಲ. ನರಸೀಪುರದ ಆಸ್ಪತ್ರೆಗೆ, ಸಂತೆಗೆ, ಸಂಗಮದ ಸ್ನಾನಕ್ಕೆ, ಎಲ್ಲದಕ್ಕೂ ಬಸ್ಸು. ನಾನು ಶಾಲೆಗೆ ಹೊರಟಾಗ ಎಷ್ಟೋ ಸಲ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದರು. ಜೀಪು ನಿಲ್ಲಿಸಿ, "ಬನ್ನಿ ಅತ್ತೆ, ನಾನೂ ಅದೇ ದಾರಿ" ಎನ್ನುತ್ತಿದ್ದೆ.

"ನೀ ಓಗವ್ವ. ನಂಗೆ ಬಸ್ಸದೆ."

ಒಮ್ಮೆ ಜಡಿಮಳೆ. ಗಾಳಿಗೆ ಅವರ ಛತ್ರಿ ಮೇಲುಮುಖವಾಗಿ ಮಗುಚಿಕೊಂಡಿತ್ತು. ಸೆರಗಿನಿಂದ ನೀರು ಸೋರುತ್ತಿತ್ತು. ಆಗಲೂ ಅದೇ ಮಾತು, ಅದೇ ಬಸ್ಸು. ನಿಲ್ದಾಣದಲ್ಲಿದ್ದ ನಾಲ್ಕು ಜನ ನನ್ನತ್ತ ನೋಡಿದ ರೀತಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. (ನೆಲ ಮುಂದೆ ಬಾಯಿಬಿಟ್ಟದ್ದನ್ನು ಆಗಲೇ ಹೇಳಿದ್ದೇನೆ.) ಅವತ್ತೇ ತೀರ್ಮಾನಿಸಿದೆ: ಈ ಮುದುಕಿಗೆ ನಮ್ಮಪ್ಪನ ಜೀಪೆಂದರೆ ಆಗದು, ಅದನ್ನು ಓಡಿಸುವ ನಾನೂ ಆಗದು. ಮನೆಯಲ್ಲಿ ಜಗಳವೇನಿರಲಿಲ್ಲ. ಅವರು ರಾಗಿಮುದ್ದೆ ಕಟ್ಟುವರು, ನಾನು ಉಣ್ಣುವೆ. ಜೀಪಿನ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಇನ್ನು ತೇಪೆಗಳ ಕಥೆ. ಮಳೆಗಾಲ ಮುಗಿದ ಮೇಲೆ ಡ್ರೈವರ್ ಸೀಟಿನ ಮುಂದೆ, ನನ್ನ ಬಲ ಹಿಮ್ಮಡಿ ಊರುವ ಕಡೆ, ತಗಡು ಎಲೆ ಎಲೆಯಾಗಿ ಏಳುತ್ತಿತ್ತು. ಬೇರೆಲ್ಲೂ ಇಲ್ಲ, ಅಲ್ಲೇ. ಮೊದಲ ತೇಪೆ ಕಡಲೆಕಾಯೆಣ್ಣೆ ಡಬ್ಬದ್ದು. ಅದು ಮೂರು ಮಳೆಗಾಲವೂ ಬರಲಿಲ್ಲ. ಎರಡನೆಯದು ಅಪ್ಪನ ಆಸ್ಪತ್ರೆಯ ಹಳೇ ಬೋರ್ಡು. ನಿವೃತ್ತರಾದಾಗ ಅಪ್ಪ ನೆನಪಿಗೆಂದು ಮನೆಗೆ ತಂದದ್ದು "ಕೃತಕ ಗರ್ಭಧಾರಣೆ ಕೇಂದ್ರ" ಎಂಬ ಆ ತಗಡನ್ನು. ದಪ್ಪ ತಗಡು, ಒಳ್ಳೆಯ ಮಾಲು. ಅಳತೆಗೆ ಕತ್ತರಿಸಿ, ಅಕ್ಷರ ಕೆಳಮುಖವಾಗುವಂತೆ ಎರಡೂ ಸೀಟಿನ ಮುಂದಕ್ಕೆ ಉದ್ದಕ್ಕೆ ಹಾಸಿ ರಿವೆಟ್ ಹೊಡೆದೆ. ಮುಂದೊಂದು ದಿನ ಶಾಲೆಯ ಹತ್ತಿರವೇ ಟೈರು ಪಂಕ್ಚರ್ ಆಯಿತು. ಜಾಕ್ ಹಾಕಿ ಎತ್ತಿದಾಗ ಸಹಾಯಕ್ಕೆ ಬಗ್ಗಿದ ನನ್ನ ವಿದ್ಯಾರ್ಥಿಯೊಬ್ಬ ಗಟ್ಟಿಯಾಗಿ ಓದಿದ: "ಗರ್ಭಧಾರಣೆ ಕೇಂ." ಮುಂದಿನ ಎರಡು ವರ್ಷ ಶಾಲೆಯಲ್ಲಿ ನನ್ನ ಹೆಸರು ಏನಾಗಿತ್ತೆಂದು ನಾನು ವಿಚಾರಿಸಲು ಹೋಗಲಿಲ್ಲ.

ಮೂರನೆಯ ತೇಪೆ ಸತ್ತುಹೋದ ಫ್ರಿಜ್ಜಿನ ಬಾಗಿಲು. ನಾಲ್ಕನೆಯದು ಸತು ಲೇಪಿಸಿದ ಹೊಸ ಶೀಟು, ಅದರ ಅಡಿಗೆ ಕರಗಿಸಿದ ಟಾರು. ಪ್ರತಿ ಸಲವೂ ಒಂದು ಹೊಸ ಕಾರಣ ಕಂಡುಹಿಡಿಯುತ್ತಿದ್ದೆ. ಒಮ್ಮೆ ಟಾರ್ಪಾಲಿನ ತೂತು, ಒಮ್ಮೆ ಕಬ್ಬಿನ ಲಾರಿಗಳು ಎರಚುವ ಕೆಸರು, ಒಮ್ಮೆ ಸೀಟಿನ ಪಕ್ಕ ಇಡುತ್ತಿದ್ದ ನನ್ನ ಒದ್ದೆ ಛತ್ರಿ. ಆ ಛತ್ರಿಗೆ ಪಾಪ, ಜೀಪಿನೊಳಗೆ ಬರಬಾರದೆಂದು ಬಹಿಷ್ಕಾರ ಹಾಕಿ ಎರಡು ವರ್ಷ ನಾನೇ ನೆನೆದೆ.

ಚಪ್ಪಲಿ ಬಿದ್ದುಹೋದ ದಿನಕ್ಕೆ ಸರಿಯಾಗಿ ಹದಿನೈದು ದಿನದಲ್ಲಿ ಜೀಪಿನ ಎಫ್‌ಸಿ ಇತ್ತು. ಹಳೆಯ ಗಾಡಿಗಳನ್ನು ಆರ್‌ಟಿಓ ಇನ್ಸ್‌ಪೆಕ್ಟರ್ ತಟ್ಟಿ, ಬಗ್ಗಿ, ಓಡಿಸಿ ನೋಡಿ ಪಾಸ್ ಮಾಡಬೇಕು. ಮಾಡದಿದ್ದರೆ ಆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ನೆಲದಲ್ಲಿ ರಸ್ತೆ ಕಾಣುವ ಗಾಡಿಯನ್ನು ಯಾವ ಪುಣ್ಯಾತ್ಮ ಪಾಸ್ ಮಾಡುತ್ತಾನೆ? ನಮ್ಮೆಜಮಾನರು ತೂತಿನೊಳಗೆ ಕೈ ತೂರಿಸಿ ಆ ಕಡೆಯಿಂದ ಬೆರಳಾಡಿಸಿ ತೋರಿಸಿ, "ಈ ಸಲ ಆಗದಿದ್ದರೆ ಬಿಟ್ಟುಬಿಡು" ಎಂದರು. ಮೆತ್ತಗೇ ಹೇಳಿದರು. ಆದರೂ ನನಗೆ ಅಪ್ಪ ಇನ್ನೊಂದು ಸಲ ಸತ್ತಂತಾಯಿತು.

ಮೊದಲ ಬಾರಿಗೆ ಸೋಲೊಪ್ಪಿಕೊಂಡು ನರಸೀಪುರದ ಹೊರಗಿರುವ ಮಾದೇವಣ್ಣನ ವೆಲ್ಡಿಂಗ್ ಅಂಗಡಿಗೆ ಜೀಪನ್ನು ಒಯ್ದೆ. ಮಾದೇವಣ್ಣ ಅಡಿಗೆ ನುಸುಳಿ ತಗಡಿನ ಒಂದು ಎಲೆ ಕಿತ್ತುಕೊಂಡು ಹೊರಗೆ ಬಂದ. ಬೆಳಕಿಗೆ ಹಿಡಿದ. ನನ್ನನ್ನು ಒಂಥರಾ ನೋಡಿದ.

"ಮೇಡಮ್ಮೋರೆ, ಇದ್ರಲ್ಲಿ ಮೀನು ಗೀನು ತುಂಬ್ತಿದ್ರಾ?"

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯ ಹೊಸ್ತಿಲು ಒಂದು ಕೋಳಿಮೊಟ್ಟೆಯನ್ನೂ ಕಂಡದ್ದಲ್ಲ.

"ಸಿಟ್ಟಾಗ್ಬ್ಯಾಡಿ. ಇಂಗೆ ಎಲೆ ಎಲೆಯಾಗಿ ಎದ್ದಿರೋ ತುಕ್ಕ ಮೀನ್ ಲಾರಿಲಿ ಬುಟ್ರೆ ನಾ ಬ್ಯಾರೆಲ್ಲೂ ಕಂಡಿಲ್ಲ. ಉಪ್ನೀರು ಬೀಳ್ದೆ ಇಂಗಾಗಕ್ಕಿಲ್ಲ ಕಣ್ರೀ."

"ಇದು ಸೋಸಲೆ ಮಾದೇವಣ್ಣ, ಮಂಗಳೂರಲ್ಲ. ಉಪ್ಪುನೀರು ಎಲ್ಲಿಂದ ಬರಬೇಕು? ನಾನು ಇದನ್ನೇ ಪಾಠ ಮಾಡೋಳು."

"ಪಾಠ ನೀವು ಮಾಡಿ. ನಾ ಸೀಟ್ ಬಿಚ್ತೀನಿ."

ಆ ಸೀಟಿನ ಬೋಲ್ಟುಗಳನ್ನು ಅಪ್ಪನ ಕಾಲದಿಂದಲೂ ಯಾರೂ ಬಿಚ್ಚಿರಲಿಲ್ಲ. ಬಿಗಿದುಕೊಂಡಿವೆ ಎಂದು ನಾನೂ ಅದರ ಸಹವಾಸಕ್ಕೆ ಹೋಗಿರಲಿಲ್ಲ. ಮಾದೇವಣ್ಣ ಸುತ್ತಿಗೆಯಲ್ಲಿ ಹೊಡೆದು, ಎಣ್ಣೆ ಬಿಟ್ಟು, ಕೊನೆಗೆ ಕತ್ತರಿಸಿಯೇ ಬಿಟ್ಟ. ಸೀಟನ್ನು ಎತ್ತಿ ಮಗುಚಿ ಹಾಕಿದವನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ.

"ಮುಟ್ಬ್ಯಾಡಿ ಮೇಡಮ್ಮೋರೆ! ಯಾರೋ ಮಾಡ್ಸವ್ರೆ!"

ಸೀಟಿನ ಅಡಿಯ ಸ್ಪ್ರಿಂಗಿಗೆ ಕರಿದಾರದಲ್ಲಿ ಬಿಗಿದು ಕಟ್ಟಿದ ಬಟ್ಟೆಯ ಗಂಟು. ಎರಡು ನಿಂಬೆಹಣ್ಣಿನ ಗಾತ್ರ. ಅದರ ಸುತ್ತ ಕತ್ತರಿಸಿ ಬಿಟ್ಟ ಹಳೆಯ ಕರಿದಾರಗಳು, ಹತ್ತಲ್ಲ, ಇಪ್ಪತ್ತಲ್ಲ, ಒಂದು ದೊಡ್ಡ ಕುಚ್ಚು. ಗಂಟಿನಿಂದ ತೊಟ್ಟು ತೊಟ್ಟಾಗಿ ನೀರು ಜಿನುಗುತ್ತಿತ್ತು. ಅದು ಹರಿದ ಗುರುತು ಸೀಟಿನಡಿಯಿಂದ ನನ್ನ ಹಿಮ್ಮಡಿ ಊರುವ ಜಾಗದವರೆಗೂ ಇತ್ತು.

ಮಾಟ ಮಂತ್ರ ಎಲ್ಲ ಸುಳ್ಳು ಎಂದು ಶಾಲೆಯಲ್ಲಿ ಭಾಷಣ ಮಾಡುವವಳು ನಾನು. ನನ್ನ ಕಾಲುಗಳಿಗೆ ಆ ಭಾಷಣ ನೆನಪಿರಲಿಲ್ಲ. ಅವು ತಮ್ಮಷ್ಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದವು. ಆದರೂ ಮಾದೇವಣ್ಣನ ಮುಂದೆ ಮಾನ ಉಳಿಸಿಕೊಳ್ಳಬೇಕಲ್ಲ. ಗಂಟಿಗೆ ಬೆರಳು ತಾಗಿಸಿ ನಾಲಗೆಗೆ ಇಟ್ಟುಕೊಂಡೆ.

ಉಪ್ಪು.

ಅಪ್ಪಟ ಹರಳುಪ್ಪು. ಆಗ ನೆನಪಾಯಿತು ನೋಡಿ, ಎರಡು ವರ್ಷದ ಹಿಂದೆ ಇದೇ ನೆಲದ ಮೇಲೆ ಬೆಳ್ಳಗೆ ಪುಡಿಯಂಥದ್ದು ಕಟ್ಟಿತ್ತು. ಸತುವಿನ ತುಕ್ಕು ಬೆಳ್ಳಗಿರುತ್ತದೆ, ಅದೇ ಇದು ಎಂದು ನಾನು ಹಿಗ್ಗಿ, ಕಾಗದದಲ್ಲಿ ಕೆರೆದುಕೊಂಡು ಹೋಗಿ ತರಗತಿಯಲ್ಲಿ ಎಲ್ಲರಿಗೂ ತೋರಿಸಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಉಪ್ಪಿದ್ದಂಗದೆ ಮೇಡಂ" ಎಂದಿದ್ದಳು. ಕಂಡದ್ದನ್ನೆಲ್ಲ ಉಪ್ಪು ಸಕ್ಕರೆ ಎನ್ನುವುದು ವಿಜ್ಞಾನವಲ್ಲ ಎಂದು ಅವಳನ್ನು ಕೂರಿಸಿದ್ದೆ. ಆ ಮಗು ಈಗ ಎಲ್ಲಿದೆಯೋ, ಕಂಡರೆ ಕ್ಷಮೆ ಕೇಳಬೇಕು.

ಆದರೆ ನಿಜವಾಗಿ ನಾನು ಕಂಗೆಟ್ಟದ್ದು ಉಪ್ಪಿನಿಂದಲ್ಲ, ಬಟ್ಟೆಯಿಂದ. ಹಸಿರು ಬಟ್ಟೆ, ಸಾಸಿವೆ ಬಣ್ಣದ ಸಣ್ಣ ಅಂಚು. ಒಂದು ಯುಗಾದಿಗೆ ನಾನೇ ಅತ್ತೆಗೆ ತಂದುಕೊಟ್ಟ ಸೀರೆ ಅದು.

ಗಂಟನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು. ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೇವೆ. ಜ್ವರ ಬಂದರೆ ನನ್ನ ಹಣೆಗೆ ಪಟ್ಟಿ ಹಾಕಿದ ಕೈ ಅದು. ಅದೇ ಕೈ ನನ್ನ ಸೀಟಿನ ಕೆಳಗೆ ಇದನ್ನು ಕಟ್ಟಿತೇ? ಕಾಲು ರಸ್ತೆಗೆ ಇಳಿದಾಗ ಹುಟ್ಟದಿದ್ದ ಹೆದರಿಕೆ ಈಗ ಹುಟ್ಟಿತು.

ಅತ್ತೆ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ ಕುಳಿತಿದ್ದರು. ನಾನು ಡಬ್ಬಿ ತೆಗೆದು ಗಂಟನ್ನು ಅಕ್ಕಿಯ ಮೇಲೆ ಇಟ್ಟೆ. ಅವರು ಬೆಚ್ಚಿಬಿದ್ದರು.

"ಅಯ್ಯೋ ಶಿವನೇ! ಯಾಕವ್ವ ಬಿಚ್ದೆ? ಅಮಾಸೆ ಇನ್ನೂ ಬಂದಿಲ್ವಲ್ಲ!"

ತಪ್ಪಿಸಿಕೊಳ್ಳುವ ಮಾತೇ ಇಲ್ಲ! ಬಾಯಿಗೆ ಬಂದದ್ದು ಬಂದುಬಿಟ್ಟಿತು. "ನನ್ನ ಮೇಲೆ ಇಷ್ಟು ಸಿಟ್ಟಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು ಅತ್ತೆ. ನಮ್ಮಪ್ಪನ ಜೀಪಿಗೆ ಮಾಟ ಮಾಡಿಸಬೇಕಿತ್ತಾ?"

ಮೊರ ಕೈಜಾರಿತು. ಅಕ್ಕಿ ಜಗಲಿಯ ತುಂಬ ಚೆಲ್ಲಿತು. ಚೆಲ್ಲಿದ ಅಕ್ಕಿಯ ಕಡೆ ಅವರು ನೋಡಲೂ ಇಲ್ಲ. ಒಂದು ಕಾಳು ಬಿದ್ದರೂ ಆರಿಸಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು.

"ಮಾಟವಾ? ನಾನಾ? ನಿಂಗಾ?"

ಮೂರು ಮಾತು. ಆ ಮುಖ ನೋಡಿದ ಕೂಡಲೇ ನಾನು ತಪ್ಪಿದೆನೆಂದು ಗೊತ್ತಾಯಿತು. ಆಡಿದ ಮಾತನ್ನು ಯಾವ ಸುತ್ತಿಗೆಯಿಂದಲೂ ಹಿಂದಕ್ಕೆ ಬಡಿಯಲಾಗುವುದಿಲ್ಲ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ಅಕ್ಕಿಯ ನಡುವೆಯೇ ಕುಳಿತು ಹೇಳಿದರು.

"ಅವತ್ತು ನೀನು ಆ ಗಾಡಿ ಓಡ್ಸ್ಕಂಡು ಬಂದಾಗ ಊರಿಗೂರೇ ಬಾಯ್ಬುಟ್ಕಂಡು ನೋಡ್ತು. ಎಷ್ಟು ಕಣ್ಣು! ಆ ಕಣ್ಣೆಲ್ಲ ನಿನ್ ಮ್ಯಾಲೆ ಬಿದ್ರೆ ನೀನು ಉಳ್ಕತೀಯ? ನಮ್ಮವ್ವ ಎತ್ತಿನ ಗಾಡಿ ಮೂಕಿಗೆ ಉಪ್ಪು ಕಟ್ತಿದ್ಲು. ನಾನು ಕೆಳಗ್ ನಿಂತೇ ಸೀಟಿನಡಿಗೆ ಕೈ ತೂರ್ಸಿ ನಿನ್ ಗಾಡಿಗೆ ಕಟ್ದೆ. ಅಮಾಸೆಗೊಂದು. ಯಾರ್ಗೂ ಯೋಳ್ಬಾರ್ದು, ಯೋಳಿದ್ರೆ ಫಲ ಇಲ್ಲ."

ಮೂಕಿ ಎಂದರೆ ಗಾಡಿಯ ಮುಂದಿನ ಉದ್ದನೆಯ ಮರ. ಮರಕ್ಕೆ ಉಪ್ಪು ಏನೂ ಮಾಡದು. ಅವರವ್ವನ ಗಾಡಿ ನೂರು ಅಮಾವಾಸ್ಯೆ ಕಂಡರೂ ಜಗ್ಗಿರಲಿಕ್ಕಿಲ್ಲ.

"ನಿನ್ನ ಉಪ್ಪು ಮಾತ್ರ ಅಮಾಸೆ ಅಮಾಸೆಗೂ ನೀರಾಗೋಗದು ಕಣವ್ವ" ಎಂದರು ಅತ್ತೆ. "ಮಳೆಗಾಲ್ದಲ್ಲಂತೂ ಎಲ್ಡೇ ದಿನಕ್ಕೆ ಜಿನುಗಕ್ಕೆ ಸುರು. ಉಪ್ಪು ಕರಗ್ತು ಅಂದ್ರೆ ಕಣ್ಣು ಎಳ್ಕತು ಅಂತ. ಅಷ್ಟೊಂದು ಕಣ್ಣು ಬೀಳ್ತಾವಲ್ಲಾ ನನ್ ಸೊಸೆ ಮ್ಯಾಲೆ ಅಂತ ಎದೆ ಒಡ್ದೋಗದು. ಆಮ್ಯಾಕೆ ಒಂದಿಡಿ ಕಟ್ತಿದ್ದೋಳು ಎಲ್ಡಿಡಿ ಕಟ್ದೆ."

ಮುಂಗಾರಿನಲ್ಲಿ ಉಪ್ಪಿನ ಜಾಡಿ ನೀರೊಡೆಯುವುದು ಯಾವ ಮನೆಯಲ್ಲಿ ಇಲ್ಲ ಹೇಳಿ? ಆದರೆ ಹೆದರಿದ ಜೀವಕ್ಕೆ ಅದು ಹೊಳೆಯಬೇಕಲ್ಲ. ಉಪ್ಪು ಕರಗಿದಷ್ಟೂ ಇವರಿಗೆ ಹೆದರಿಕೆ, ಹೆದರಿದಷ್ಟೂ ಇನ್ನಷ್ಟು ಉಪ್ಪು, ಉಪ್ಪು ಸುರಿದಷ್ಟೂ ನನ್ನ ನೆಲಕ್ಕೆ ತೂತು. ನಾನು ಕೆಳಗಿನಿಂದ ತೇಪೆ ಹಾಕುತ್ತಿದ್ದೆ, ಅವರು ಮೇಲಿನಿಂದ ಉಪ್ಪು ಕಟ್ಟುತ್ತಿದ್ದರು.

"ಹಾಗಾದರೆ ಬಸ್ಸು?" ಎಂದೆ. "ಅವತ್ತು ಅಷ್ಟು ಮಳೆಯಲ್ಲೂ ಜೀಪು ಹತ್ತಲಿಲ್ಲವಲ್ಲ ನೀವು?"

"ಕಟ್ಟಿದೋರು ಆ ಗಾಡಿ ಹತ್ಬಾರ್ದು ಕಣವ್ವ. ಹತ್ತುದ್ರೆ ಕಟ್ಟಿದ್ದು ಬಿಚ್ಕತದೆ."

ಇಪ್ಪತ್ತು ವರ್ಷ! ಆ ಮಗುಚಿದ ಛತ್ರಿ, ಸೋರುವ ಸೆರಗು, "ನಂಗೆ ಬಸ್ಸದೆ" ಎಂಬ ಆ ಗಡಸು ದನಿ ಎಲ್ಲವೂ ನನ್ನ ಮುಂದೆ ಬಂದು ನಿಂತವು. ಆ ಹೊತ್ತಿನಲ್ಲಿ ಅವರ ಕಾಲು ಹಿಡಿದಿದ್ದರೆ ನಾನು ಮನುಷ್ಯಳು. ನಾನು ಮಾಡಿದ್ದೇನು ಗೊತ್ತೇ? ಪಾಠ.

ಹೌದು, ಮೇಷ್ಟ್ರ ಜಾತಿ ಎಂದರೆ ಹಾಗೇ. ಅಡುಗೆಮನೆಯ ಕಿಟಕಿಯಲ್ಲಿ ಮೂರು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಬರೀ ಮೊಳೆ, ಒಂದರಲ್ಲಿ ನೀರು ಮತ್ತು ಮೊಳೆ, ಇನ್ನೊಂದರಲ್ಲಿ ಉಪ್ಪುನೀರು ಮತ್ತು ಮೊಳೆ. ಎಷ್ಟೋ ತಂಡದ ಮಕ್ಕಳಿಗೆ ತೋರಿಸಿದ ಪ್ರಯೋಗ. ಅತ್ತೆ ಕಾಫಿ ಕಾಯಿಸುವಾಗ, ಸೊಪ್ಪು ಬಿಡಿಸುವಾಗ ಆ ಲೋಟಗಳನ್ನು ನೋಡುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಮೂರನೆಯ ಲೋಟದ ತಳದಲ್ಲಿ ಕೆಂಪು ಗಸಿ ಕೂತಿತ್ತು. ನಾನು ಗೆದ್ದವಳಂತೆ ತೋರಿಸಿದೆ.

ಅವರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ನನ್ನತ್ತ ತಿರುಗಿದರು.

"ಅಂಗಾರೆ ನಾನೇ ನಿನ್ ಕಾಲ್ಕೆಳಗ್ಲ ನೆಲ ತಿಂದ್ನಾ?"

ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅವರು ನನ್ನನ್ನು ಮಣೆಯ ಮೇಲೆ ಕೂರಿಸಿ, ಬಲಗಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಹಿಮ್ಮಡಿಯ ಗಾಯವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಕ್ರಕ್ಕೆ ಸಿಕ್ಕಿದ್ರೆ? ಈ ಕಾಲು ಚಕ್ರಕ್ಕೆ ಸಿಕ್ಕಿದ್ರೆ ನಾನು ಯಾವ ಹೊಳೆಗೆ ಬೀಳ್ಲಿ?" ಎನ್ನುತ್ತ ಹರಳೆಣ್ಣೆ ಹಚ್ಚಿದರು. ಗಾಯ ಆಗಲೇ ಒಣಗಿತ್ತು. ಆದರೂ ಉರಿಯಿತು.

ಅವತ್ತಿನಿಂದ ಅತ್ತೆಗೆ ಉಪ್ಪಿನ ಜಾಡಿ ಮುಟ್ಟಲು ಕೈಯೇ ಬರುತ್ತಿರಲಿಲ್ಲ. ಸಾರು ಸಪ್ಪೆ, ಪಲ್ಯ ಸಪ್ಪೆ. ನಮ್ಮೆಜಮಾನರು ತಟ್ಟೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ ಉಂಡರು. ನಾನೂ ಉಂಡೆ. ಮೂರು ಲೋಟಗಳನ್ನು ಮೆತ್ತಗೆ ತೊಳೆದಿಟ್ಟೆ. ಹೆದರಿಕೊಂಡ ಜೀವಕ್ಕೆ ಪುರಾವೆ ತೋರಿಸುವುದು ಎಷ್ಟು ಕ್ರೂರ ಎಂದು ಇಷ್ಟು ವರ್ಷ ಪಾಠ ಮಾಡಿದ ಮೇಲೆ ಕಲಿತೆ.

ಎಫ್‌ಸಿಗೆ ವಾರವೂ ಉಳಿದಿರಲಿಲ್ಲ. ರಜೆ ಹಾಕಿ ಮಾದೇವಣ್ಣನ ಅಂಗಡಿಯಲ್ಲೇ ಬೀಡುಬಿಟ್ಟೆ. ಈ ಸಲ ಅಪ್ಪನ ಮಾತನ್ನು ಪೂರ್ತಿ ಪಾಲಿಸಿದೆ. ಕೆರೆದೆ, ಹೊಳಪು ಕಬ್ಬಿಣ ಕಾಣುವವರೆಗೆ. ಕಾರಣ ಸಿಕ್ಕಿತ್ತಲ್ಲ, ಉಪ್ಪಿನಂಶ ಹೋಗುವವರೆಗೆ ಸಂದಿಸಂದಿಗೂ ಸಿಹಿನೀರು ಹಾಯಿಸಿದೆ, ಒಣಗಿಸಿದೆ. ಮಾದೇವಣ್ಣ ಕೊಳೆತದ್ದನ್ನು ಕತ್ತರಿಸಿ ಹೊಸ ಶೀಟು ಬೆಸೆದ. ಅಪ್ಪನ ಬೋರ್ಡಿನ ಎಡಭಾಗ ಮಾತ್ರ ಇನ್ನೂ ಗಟ್ಟಿಯಾಗಿತ್ತು. "ಇದ ಬುಡಾದಾ, ತಗ್ಯಾದಾ?" ಎಂದು ಕೇಳಿದ. ಇರಲಿ ಎಂದೆ. ಎಡಗಡೆ ಸೀಟಿನ ಮುಂದೆ ಅದು ಹಾಗೇ ಉಳಿಯಿತು. ಕೊನೆಗೆ ಟ್ರಂಕಿನಿಂದ ಅಪ್ಪನ ದಪ್ಪ ಸಿರಿಂಜು ತಂದು ಕೈಯೆಟುಕದ ಸಂದಿಗಳಿಗೆಲ್ಲ ಎಣ್ಣೆ ಏರಿಸಿದೆ. ಐದನೆಯ ತೇಪೆ ಮುಗಿಯಿತು.

ಎಫ್‌ಸಿಯ ದಿನ ಇನ್ಸ್‌ಪೆಕ್ಟರು ನೆಲವನ್ನು ತುಳಿದು ನೋಡಿದರು, ಗೆಣ್ಣಿನಿಂದ ತಟ್ಟಿದರು. ನನಗೆ ಅಪ್ಪನೇ ತಟ್ಟಿದಂತಾಯಿತು. ಬಗ್ಗಿ ಅಡಿಗೆ ಟಾರ್ಚು ಬಿಟ್ಟವರು ಹಾಗೇ ನಿಂತುಬಿಟ್ಟರು.

"ಇದೇನ್ ಮೇಡಂ ಬರೆದಿರೋದು?"

"ನಮ್ಮ ತಂದೆಯವರ ಬೋರ್ಡು ಸರ್. ಗಟ್ಟಿ ತಗಡು."

ಅವರು ನಗು ಅದುಮಿಕೊಂಡು ಸಹಿ ಹಾಕಿದರು. ಜೀಪು ಇನ್ನೈದು ವರ್ಷಕ್ಕೆ ಬದುಕಿಕೊಂಡಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. "ಒಳ್ಳೇದಾಯ್ತು ಬುಡವ್ವ" ಎಂದರು. ಮುಖ ಮಾತ್ರ ಗೆಲುವಾಗಲಿಲ್ಲ.

ನಾಲ್ಕು ದಿನ ಕಳೆದು ಅಮಾವಾಸ್ಯೆ ಬಂತು. ನನಗೆ ಅದರ ನೆನಪೇ ಇರಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಗೆ ಬಂದೆ. ಅತ್ತೆ ಮಡಿಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಬಟ್ಟೆ ಚೀಲ ಹಿಡಿದು ಜೀಪಿನ ಎಡಗಡೆ ನಿಂತಿದ್ದರು.

"ಎಲ್ಲಿಗೆ ಅತ್ತೆ? ಬಸ್ಸು ಬರೋಕೆ ಇನ್ನೂ ಹೊತ್ತಿದೆಯಲ್ಲ."

ಅವರು ಪಕ್ಕದ ಕಂಬಿ ಹಿಡಿದು ಕಾಲು ಎತ್ತಿದರು. ಎತ್ತರ ಸಾಲಲಿಲ್ಲ. ಇನ್ನೊಮ್ಮೆ ಎತ್ತಿದರು. ನಾನು ಡಬ್ಬಿಯನ್ನು ನೆಲದ ಮೇಲಿಟ್ಟು ಓಡಿಹೋಗಿ ಕೈ ಕೊಟ್ಟೆ. ಹತ್ತಿ, ಸೀಟಿನಲ್ಲಿ ಸರಿಯಾಗಿ ಕುಳಿತು, ಎರಡು ಪಾದವನ್ನೂ ಅಪ್ಪನ ಬೋರ್ಡಿನ ಮೇಲೆ ಜೋಡಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಬೀದಿಯ ಜಗಲಿಗಳ ಮೇಲೆ ಜನ ಮತ್ತೆ ಎದ್ದು ನಿಂತರು.

"ನಿಮ್ ಇಸ್ಕೂಲ್ಗೆ" ಎಂದರು.

"ಸಾಯಂಕಾಲದವರೆಗೆ ಅಲ್ಲೇನು ಮಾಡ್ತೀರ?"

"ಗಾಡಿಲೇ ಕುಂತಿರ್ತೀನಿ. ಮುದ್ದೆ ತಂದಿವ್ನಿ."

ನಾನಿನ್ನೂ ಕೆಳಗೇ ನಿಂತಿದ್ದೆ. ಅವರಿಗೆ ತಾಳ್ಮೆ ತಪ್ಪಿತು.

"ಇವತ್ತು ಅಮಾಸೆ ಕಣವ್ವ. ಏನೂ ಕಟ್ದೆ ನಿನ್ನ ಎಂಗ್ ಕಳುಸ್ಲಿ? ಉಪ್ಪಾದ್ರೆ ಕರಗ್ತದೆ. ನಾ ಕರಗಕ್ಕಿಲ್ಲ. ಹತ್ತು, ಓಡ್ಸು."